ತಂಬಿಗೆ ಹಿಡಿಯದ ಎಳ್ಳಮಾವಾಸ್ಯೆ

ಮೊನ್ನೆ ಯಾವುದೋ ಕೆಲಸಕ್ಕೆಂದು ಸಪ್ತಾಪುರದ ಕಡೆ ಹೋದವನು ದಾರಿ ಉಳಿಯಲಿ ಎಂದು ಹಳೆಯ ಓಣಿಯೊಳಗೆ ತಿರುಗಿದೆ. ಗಂಗಕ್ಕನ ಮನೆಯ ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ರಟ್ಟು ತೂಗುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ಗುರೆಳ್ಳು ಹುರಿಯುವ ವಾಸನೆ ಬಂತು. ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಈ ಊರಿನ ಎಷ್ಟೋ ಮನೆಗಳಲ್ಲಿ ಚಟ್ನಿಪುಡಿಗೆ ಗುರೆಳ್ಳು, ಅಂದರೆ ಹುಚ್ಚೆಳ್ಳು, ಹುರಿಯುತ್ತಾರೆ. ಇನ್ನೇನು ಸೀದುಹೋಯಿತು ಅನ್ನುವಾಗ ಏಳುವ ಆ ಘಾಟು ಘಮ ನನಗೆ ಮೂಗಿಗಿಂತ ಮೊದಲು ಹೊಟ್ಟೆಗೆ ತಾಕುತ್ತದೆ. ಕಿಟಕಿಯ ಪರದೆ ಸ್ವಲ್ಪ ಅಲುಗಿದಂತಾಯಿತು. ಗಂಗಕ್ಕ ನೋಡಿದರೇನೋ ಎಂಬ ಗುಮಾನಿ ಬಂದು ಬೇಗ ಬೇಗ ಹೆಜ್ಜೆ ಹಾಕಿದೆ. ಆ ಮನೆಯ ಮಹಡಿಯಲ್ಲಿ ನಾನು ಏಳು ತಿಂಗಳು ಇದ್ದೆ. ಆ ಏಳು ತಿಂಗಳಲ್ಲಿ ನಾನು ಅನುಮಾನಿಸದೆ ಬಿಟ್ಟ ಜೀವವೆಂದರೆ ಬಹುಶಃ ಓಣಿಯ ಹಾಲಿನ ಎಮ್ಮೆ ಒಂದೇ.

ಧಾರವಾಡಕ್ಕೆ ಬಂದಾಗ ನನಗೆ ನಲವತ್ತೆಂಟು. ಮೈಸೂರಿನಲ್ಲಿ ಹದಿನಾರು ವರ್ಷದ ಸಂಸಾರ ಮುಗಿದಿತ್ತು. ಮುಗಿದದ್ದು ಹೇಗೆಂದರೆ, ನನ್ನ ಹಾಗೆಯೇ ಗಂಡಸರನ್ನು ಇಷ್ಟಪಡುವ ಒಬ್ಬ ಗೆಳೆಯನಿದ್ದ; ಅವನನ್ನು ನಂಬಿ ಬರೆದ ಸಂದೇಶಗಳನ್ನು ಅವನು ಯಾವುದೋ ಜಗಳದ ಸಿಟ್ಟಿನಲ್ಲಿ ನನ್ನ ಭಾಮೈದನಿಗೆ ಕಳಿಸಿಬಿಟ್ಟ. ಎರಡೂ ಕಡೆಯ ಹಿರಿಯರು ನಮ್ಮ ಊಟದ ಮೇಜಿನ ಸುತ್ತ ಕೂತು ನನ್ನ ಮಾತುಗಳನ್ನು ನನಗೇ ಓದಿ ಹೇಳಿದರು. ಹೆಂಡತಿ ಮಾತ್ರ ಓದಲಿಲ್ಲ. “ಮೊದಲೇ ಹೇಳಬಹುದಿತ್ತು” ಎಂದು ಎದ್ದು ಒಳಗೆ ಹೋದಳು. ಅವಳದು ಏನೂ ತಪ್ಪಿರಲಿಲ್ಲ. ಸುಳ್ಳು ಹೇಳಿ ಅವಳ ಹದಿನಾರು ವರ್ಷ ತಿಂದವನು ನಾನು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬೇರೆಯಾದ ಮೇಲೆ ನನ್ನ ಗುರುತು ಯಾರಿಗೂ ಇಲ್ಲದ ಒಂದು ಊರು ಬೇಕಾಗಿತ್ತು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಪಂಪಿನ ಕಾರ್ಖಾನೆಯಲ್ಲಿ ತಪಾಸಣೆಗೆ ಜನ ಬೇಕಾಗಿದ್ದಾರೆಂದು ತಿಳಿಯಿತು. ಎರಡು ಸೂಟ್‌ಕೇಸು ಹಿಡಿದು ಬಂದುಬಿಟ್ಟೆ.

ನನ್ನ ಕೆಲಸ ಎರಕ ಹೊಯ್ದು ಬಂದ ಭಾಗಗಳನ್ನು ಅಳೆದು ನೋಡುವುದು. ಸರಿ ಇದ್ದರೆ ಹಸಿರು ಚೀಟಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಚೀಟಿ. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ಮನುಷ್ಯರನ್ನು ನೋಡಿದರೂ ಚೀಟಿ ಅಂಟಿಸುವ ಚಾಳಿ ಹತ್ತುತ್ತದೆ. ಮೈಸೂರಿನ ಆ ಘಟನೆಯಾದ ಮೇಲಂತೂ ನನ್ನ ಜೇಬಿನಲ್ಲಿ ಕೆಂಪು ಚೀಟಿ ಬಿಟ್ಟರೆ ಬೇರೆ ಇರಲಿಲ್ಲ.

ಮೊದಲ ಕೆಂಪು ಚೀಟಿ ಬಿದ್ದದ್ದು ಮನೆಯೊಡತಿ ಗಂಗಕ್ಕನಿಗೆ. ಸಾಮಾನು ಇಳಿಸುವಾಗಲೇ ಕೇಳಿದ್ದರು, “ಮನಿಯವರು ಯಾವಾಗ ಬರ್ತಾರ್ರಿ?” ಬರುವುದಿಲ್ಲ ಅಂದೆ. “ಯಾಕ ಬರೂದಿಲ್ರಿ? ತವರಮನ್ಯಾಗ ಅದಾರೇನು?” ಬೇರೆಯಾಗಿದ್ದೇವೆ ಅಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಮರುದಿನ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು, “ನಮ್ಮ ತಂಗಿ ನಾದಿನಿ ಒಬ್ಬಾಕಿ ಅದಾಳ್ರಿ, ಸಾಲಿ ಟೀಚರು. ಪಾಪ, ಆಕೀಗೂ ಯಾರೂ ಇಲ್ಲ” ಎಂದರು. ಈ ಊರಿನವರು ಮಾತಿಗೆ ಮೊದಲು ಊರು, ಆಮೇಲೆ ಮನೆತನ, ಆಮೇಲೆ ಸಂಸಾರ ಕೇಳುತ್ತಾರೆ. ಅದು ಇಲ್ಲಿಯ ಆದರ ಎಂದು ಈಗ ಗೊತ್ತು. ಆಗ ನನಗೆ ಅದು ಪೊಲೀಸ್ ವಿಚಾರಣೆ. ಕೆಲಸಕ್ಕೆ ಹೋಗುವಾಗ ಸೂಟ್‌ಕೇಸಿನ ಮುಚ್ಚಳಕ್ಕೆ ಒಂದು ದಾರದ ಎಳೆ ಸಿಕ್ಕಿಸಿ ಹೋಗುತ್ತಿದ್ದೆ, ಯಾರಾದರೂ ತೆಗೆದರೆ ತಿಳಿಯಲಿ ಎಂದು. ಒಂದು ದಿನ ಎಳೆ ನೆಲದ ಮೇಲಿತ್ತು. ಕೆಳಗಿಳಿದು ಕೇಳಿದರೆ, “ಮಳಿ ಒಳಗ ಹೊಡ್ಯಾಕತ್ತಿತ್ರಿ, ಕಿಟಕಿ ಹಾಕಿ ಪೆಟಗಿ ಇತ್ತಾಗ ಸರಿಸಿದ್ಯಾ” ಎಂದರು. ನಂಬಲಿಲ್ಲ. ಮೇಲೆ ಬಂದು ನೋಡಿದರೆ ಕಿಟಕಿಯ ಕೆಳಗೆ ಅರ್ಧ ಕೋಣೆ ಒದ್ದೆಯಾಗಿತ್ತು. ಆದರೂ ನಂಬಲಿಲ್ಲ.

ಮೊದಲ ಪಾಳಿ ಮುಗಿಸಿ ಊರಿಗೆ ಬರುವಾಗ ಮಧ್ಯಾಹ್ನ ಮೂರಾಗುತ್ತಿತ್ತು. ಪೇಟೆಯ ಒಂದು ಖಾನಾವಳಿಯಲ್ಲಿ ಊಟ ಮಾಡುತ್ತಿದ್ದೆ. ಆ ಹೊತ್ತಿಗೆ ಅಲ್ಲಿ ಜನ ಇರುವುದಿಲ್ಲ, ಆರು ಮೇಜು ಖಾಲಿ. ಆದರೂ ಒಬ್ಬ ಗಂಡಸು ದಿನಾ ಬಂದು ನನ್ನ ಮೇಜಿಗೇ ಕೂರುತ್ತಿದ್ದ. ಐವತ್ತರ ಆಸುಪಾಸು, ಬಿಳಿ ಅಂಗಿ, ತೋಳಿಗಂಟಿದ ಹತ್ತಿಯ ಎಳೆ, ಹಣೆಯ ಮೇಲೆ ಬೆವರಿಗೆ ಅರ್ಧ ಅಳಿಸಿದ ವಿಭೂತಿ. ಯಾರು ಕಳಿಸಿದವನು ಇವನು? ಭಾಮೈದನ ಕಡೆಯವನೇ? ನಾಲ್ಕನೆಯ ದಿನ ಕೇಳಿಯೇಬಿಟ್ಟೆ, “ಅಲ್ಲೆಲ್ಲ ಅಷ್ಟು ಜಾಗ ಇದೆಯಲ್ಲ?”

“ಐತ್ರಿ. ಫ್ಯಾನು ಮಾತ್ರ ಇದರ ಮ್ಯಾಲೆ ಒಂದ ಐತಿ” ಎಂದು ಕೈಯೆತ್ತಿ ತೋರಿಸಿದ. ನಿಜವಾಗಿಯೂ ಒಂದೇ ಇತ್ತು. ನಿರಾಳವಾಯಿತು, ಸ್ವಲ್ಪ ಬೇಜಾರೂ ಆಯಿತು. ಅದಾಗಿ ಒಂದು ವಾರಕ್ಕೆ, ಮಳೆ ಕೈಕೊಟ್ಟು ಧಗೆ ಹೊಡೆಯುತ್ತಿದ್ದ ಒಂದು ದಿನ, ಕರೆಂಟು ಹೋಗಿತ್ತು. ಅವನು ಹಣೆ ಒರೆಸಿಕೊಳ್ಳುತ್ತ ಬಂದು ಮತ್ತೆ ನನ್ನ ಎದುರೇ ಕೂತ. ನಿಂತ ಫ್ಯಾನನ್ನು ನಾನು ನೋಡಿದೆ, ಅವನೂ ನೋಡಿದ. ಅವನ ಕಿವಿ ಕೆಂಪಾಯಿತು. ಬಡಿಸುವವರನ್ನು “ರೊಟ್ಟಿ ಬಿಸೀ ಅದಾವೇನ್ರಿ?” ಎಂದು ಬೇಕಿಲ್ಲದಷ್ಟು ಜೋರಾಗಿ ಕೇಳಿದ. ಆ ವಯಸ್ಸಿನ ಗಂಡಸಿನ ಕಿವಿ ಕೆಂಪಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹೆಸರು ಶಿವಾನಂದ. ಉಪ್ಪಿನಬೆಟಗೇರಿಯಲ್ಲಿ ಹೊಲ, ಮನೆ, ತಾಯಿ, ತಮ್ಮನ ಸಂಸಾರ. ಧಾರವಾಡದ ಪೇಟೆಯಲ್ಲಿ ಕಡಲೆ ಮತ್ತು ಹತ್ತಿಯ ದಲಾಲಿ ಅಂಗಡಿ. ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ, ಮದುವೆಯಾಗಿಲ್ಲ. ಇಷ್ಟನ್ನು ಅವನೇ ಹೇಳಿದ. ಹೇಳಿದ ಮೇಲೆ ನಾನು ಮಾಡಿದ್ದೇನೆಂದರೆ, ರಜೆಯ ದಿನ ಗುಟ್ಟಾಗಿ ಅವನ ಅಂಗಡಿಯ ಸಾಲಿಗೆ ಹೋಗಿ ನಾಲ್ಕು ಅಂಗಡಿ ಆಚೆಯವರನ್ನು ಮೆಲ್ಲಗೆ ವಿಚಾರಿಸಿದ್ದು. “ಶಿವಾನಂದಪ್ಪಾರ? ಅವರು ಅರ್ಧಾ ಸ್ವಾಮಿಗಳು ಇದ್ದಂಗ ನೋಡ್ರಿ. ಮದುವಿ ಆಗಲಿಲ್ಲ, ಎಂದರ ಒಂದಿನ ಮಠಕ್ಕ ಹೋಗಾವ್ರು” ಎಂದರು ಅವರು.

ಮರುದಿನ ರೊಟ್ಟಿ ಮುರಿಯುತ್ತ ಶಿವಾನಂದ ಕೇಳಿದ, “ನಿನ್ನೆ ನಮ್ಮ ಅಂಗಡಿ ಕಡೆ ಬಂದಿದ್ರಂತ?”

ಇಲ್ಲವಲ್ಲ ಅಂದೆ.

“ನೀಲಿ ಅಂಗಿ, ಮೈಸೂರು ಮಾತು, ಕೊಳ್ಳಾಗ ಕಂಪನಿ ಕಾರ್ಡು. ಪ್ಯಾಟ್ಯಾಗ ಹೊಸಾ ಮನಶಾ ಏನರ ಕೇಳಿದ್ರ, ಅವ ಓಣಿ ದಾಟೂದರಾಗ ನನಗ ಸುದ್ದಿ ಬರತೈತ್ರಿ.” ಗುಪ್ತ ತಪಾಸಣೆಗೆ ಹೋದವನು ಹೆಸರಿನ ಕಾರ್ಡನ್ನು ಕೊರಳಲ್ಲಿ ನೇತುಹಾಕಿಕೊಂಡೇ ಹೋಗಿದ್ದೆ. “ಏನ ಸಿಕ್ತು ತಪಾಸಣ್ಯಾಗ?”

“ನೀವು ಸ್ವಾಮಿಗಳಂತೆ.”

ಅವನು ನಕ್ಕ ನಗೆಗೆ ಖಾನಾವಳಿಯವರು ಒಳಗಿನಿಂದ ಇಣುಕಿ ನೋಡಿದರು. ಆಮೇಲೆ ದನಿ ತಗ್ಗಿಸಿ, “ಇಪ್ಪತ್ತೈದು ವರ್ಷದ ಹಿಂದ ಮದುವಿ ಒಲ್ಲೆ ಅಂದ್ಯಾ. ಇವ ಮಠಕ್ಕ ಹೊಂಟಾನ ಅಂತ ತಾವ ತಿಳಕೊಂಡ್ರು. ನಾ ಹೌದೂ ಅನಲಿಲ್ಲ, ಅಲ್ಲಾ ಅನಲಿಲ್ಲ. ಹಂಗ ನಡದೈತಿ” ಎಂದ. ಇನ್ನೊಂದು ರೊಟ್ಟಿಗೆ ಕೈ ಚಾಚುತ್ತ, “ನನ್ನ ಕೇಳಿದ್ರ ಹೇಳತಿದ್ನೆಲ್ರಿ” ಅಂದ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಅನುಮಾನ ಸಾಯುವುದಿಲ್ಲ.

ದೀಪಾವಳಿಯ ಹೊತ್ತಿಗೆ ಅವನು ಭಾನುವಾರ ಮಧ್ಯಾಹ್ನ ನನ್ನ ಕೋಣೆಗೆ ಬರತೊಡಗಿದ್ದ. ಸಂತೋಷವಾಗಿದ್ದೆ, ಅದನ್ನು ನೇರವಾಗಿಯೇ ಹೇಳುತ್ತೇನೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಅವನ ಬೆನ್ನ ಮೇಲೆ ಬಿದ್ದಿದ್ದನ್ನು ನೋಡುತ್ತ, ಇಷ್ಟು ವಯಸ್ಸಾದ ಮೇಲೆ ಇದು ನನಗೆ ಸಿಕ್ಕಿತಲ್ಲ ಎಂದುಕೊಂಡದ್ದುಂಟು. ಆದರೆ ಅವನು ಬೈಕನ್ನು ಓಣಿಯ ತುದಿಯಲ್ಲಿ ನಿಲ್ಲಿಸಿ ಬರುತ್ತಿದ್ದ. ಫೋನು ಬಂದರೆ ಮೆಟ್ಟಿಲಿಗೆ ಹೋಗಿ ಮಾತಾಡುತ್ತಿದ್ದ. ಯಾಕೆ? ಯಾರ ಜೊತೆ? ನನ್ನ ಮಾತನ್ನೆಲ್ಲ ಇವನೂ ಎಲ್ಲಿಯೋ ಕೂಡಿಡುತ್ತಿದ್ದಾನೆಯೆ? ಕೇಳುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದೆ.

ಡಿಸೆಂಬರಿನ ಚಳಿಯಲ್ಲಿ ಒಂದು ದಿನ ಹೇಳಿದ, “ಎಳ್ಳಮಾಸಿಗೆ ಹೊಲಕ್ಕ ಬರ್ರಿ. ಅವ್ವ ಕರದಾಳ.”

“ನಿಮ್ಮ ತಾಯಿಗೆ ನನ್ನ ಬಗ್ಗೆ ಏನು ಹೇಳಿದ್ದೀರಿ?”

“ಮೈಸೂರಾವ್ರು ಒಬ್ಬರು ಜೊತಿ ಊಟಕ್ಕ ಕೂಡತಾರ ಅಂತ ಹೇಳೇನಿ. ಮತ್ತೇನ ಹೇಳ್ಲಿ?”

ಹೋದೆ. ಕರಿ ಮಣ್ಣಿನ ಹೊಲ, ಎದೆಯುದ್ದದ ಬಿಳಿಜೋಳ, ಅದರಾಚೆ ಕಡಲೆ. ಬನ್ನಿಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು; ಪಾಂಡವರೆಂದು ಪೂಜೆ ಮಾಡಿದರು. ತಮ್ಮ, ತಮ್ಮನ ಹೆಂಡತಿ, ಪಕ್ಕದ ಹೊಲದವರು, ಎಲ್ಲ ಸೇರಿ ಇಪ್ಪತ್ತು ಜನ ಇದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಎಲ್ಲರೂ ನನ್ನ ಊರು, ಕೆಲಸ ಕೇಳಿದರು. ಒಬ್ಬಳು ಮಾತ್ರ ಏನೂ ಕೇಳಲಿಲ್ಲ, ಶಿವಾನಂದನ ತಾಯಿ ಬಸವ್ವ. ಎಪ್ಪತ್ತೈದು ದಾಟಿದ ಒಣಕಲು ಹೆಂಗಸು. ಬುತ್ತಿ ಬಿಚ್ಚಿಡುತ್ತ ನನ್ನ ಮುಖವನ್ನು ನೋಡುತ್ತಿದ್ದಳು, ಕೈಯನ್ನು ನೋಡುತ್ತಿದ್ದಳು. ಎಲ್ಲರೂ ಕೇಳುವ ಊರಿನಲ್ಲಿ ಒಬ್ಬಳು ಕೇಳದಿದ್ದರೆ ಅದಕ್ಕಿಂತ ಭಯದ್ದು ಬೇರಿಲ್ಲ.

ಊಟಕ್ಕೆ ಮುಂಚೆ ಚರಗ ಚೆಲ್ಲುವುದಿತ್ತು. ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ, ಒಬ್ಬರು ಮುಂದೆ ಬೆಳೆಗೆ ಚೆಲ್ಲುತ್ತ “ಹುಲ್ಲುಲ್ಲಿಗ್ಯೋ” ಎಂದು ಕೂಗುತ್ತಾರೆ. ಹಿಂದಿನವರು ತಂಬಿಗೆಯಿಂದ ನೀರು ಚಿಮುಕಿಸುತ್ತ “ಚಳ್ಳಂಬ್ರಿಗ್ಯೋ” ಎಂದು ಮರುದನಿ ಕೊಡುತ್ತಾರೆ. ಹೀಗೆ ಹೊಲದ ನಾಲ್ಕೂ ಬದುವಿಗೆ ಹೋಗಿ ಬರಬೇಕು. ಆ ಮನೆಯಲ್ಲಿ ಅದುವರೆಗೆ ತಮ್ಮ ಚೆಲ್ಲುತ್ತಿದ್ದ, ಅವನ ಹೆಂಡತಿ ಹಿಂದೆ ನೀರು ಹಿಡಿಯುತ್ತಿದ್ದಳು. ಅದನ್ನು ಪಕ್ಕದ ಹೊಲದವರು ಆಗಷ್ಟೇ ನನಗೆ ವಿವರಿಸಿದ್ದರು. ಆ ವರ್ಷ ಬುಟ್ಟಿಯನ್ನು ಶಿವಾನಂದ ಎತ್ತಿಕೊಂಡ. ತುಂಬಿದ ತಂಬಿಗೆಯನ್ನು ಎಲ್ಲರ ಮುಂದೆ ನನ್ನ ಕಡೆ ಚಾಚಿದ.

“ಹಿಡೀರಿ. ನನ್ನ ಹಿಂದ ಬಂದ್ರಾತು.”

ಇಪ್ಪತ್ತು ಜೋಡಿ ಕಣ್ಣು ನನ್ನ ಮೇಲಿದ್ದವು. ನನಗೆ ಮೈಸೂರಿನ ಊಟದ ಮೇಜು ನೆನಪಾಯಿತು. ಹೆಂಡತಿ ಹಿಡಿಯುವ ತಂಬಿಗೆಯನ್ನು ಇವನು ನನಗೆ ಯಾಕೆ ಕೊಡುತ್ತಿದ್ದಾನೆ? ಎಲ್ಲರಿಗೂ ಹೇಳಿಬಿಟ್ಟಿದ್ದಾನೆ. ನನ್ನನ್ನು ಕೇಳದೆ, ನನ್ನನ್ನು ಇವರ ಮುಂದೆ ನಿಲ್ಲಿಸಿ ತೋರಿಸುತ್ತಿದ್ದಾನೆ.

“ನನಗೆ ಇದೆಲ್ಲ ಬರುವುದಿಲ್ಲ” ಎಂದೆ. “ಮನೆಯವರೇ ಯಾರಾದರೂ ಹಿಡಿಯಲಿ.”

ತಂಬಿಗೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ತಮ್ಮ ನಗುತ್ತ ಬಂದು, “ಕೊಡಣ್ಣಾ, ಅವರು ಪ್ಯಾಂಟ ಕೆಸರು ಆಕ್ಕೈತಿ ಅಂತಾರ” ಎಂದು ಇಸಿದುಕೊಂಡ. ಎಲ್ಲರೂ ನಕ್ಕರು, ಬಸವ್ವ ನಗಲಿಲ್ಲ. ಜೋಳದ ನಡುವಿನಿಂದ ಶಿವಾನಂದನ ಕೂಗು ಕೇಳಿಸುತ್ತಿತ್ತು. ಅದರಲ್ಲಿ ಕಸುವೇ ಇರಲಿಲ್ಲ.

ಸಂಜೆ ಅವನ ಬೈಕಿನಲ್ಲೇ ಧಾರವಾಡಕ್ಕೆ ಹೊರಟೆವು. ಸಪ್ತಾಪುರಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಲು ಹೇಳಿ ರಸ್ತೆ ಬದಿಯಲ್ಲೇ ಕೂಗಾಡಿದೆ. ಯಾರ್ಯಾರಿಗೆ ಏನೇನು ಹೇಳಿದ್ದೀರಿ, ನನ್ನನ್ನು ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದಿರಾ, ಆ ತಂಬಿಗೆ ನನಗೇ ಯಾಕೆ ಕೊಡಬೇಕಿತ್ತು, ಹೀಗೆಲ್ಲ.

ಅವನು ಪೂರ್ತಿ ಕೇಳಿದ. “ಯಾರಿಗೂ ಏನೂ ಹೇಳಿಲ್ರಿ. ನೀವು ಮಾತ್ರ ನನ್ನ ಇನ್ನೂ ತಪಾಸಣಿ ಮಾಡಾಕತ್ತೀರಿ. ಎಷ್ಟ ದಿನಾ ಮಾಡ್ತೀರಿ?” ಎಂದು ಬೈಕು ತಿರುಗಿಸಿ ಹೋದ.

ಮೂರು ವಾರ ಅವನು ಖಾನಾವಳಿಗೆ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ನಾನು ಮೊದಮೊದಲು ಗೆದ್ದವನಂತಿದ್ದೆ. ನೋಡು, ಸಿಕ್ಕಿಬಿದ್ದ, ಅದಕ್ಕೇ ತಪ್ಪಿಸಿಕೊಂಡ ಎಂದು. ಎರಡನೆಯ ವಾರಕ್ಕೆ ಎದುರಿನ ಖಾಲಿ ಕುರ್ಚಿ ನೋಡಿ ಅರ್ಧ ರೊಟ್ಟಿಗೇ ಊಟ ಬಿಟ್ಟು ಏಳತೊಡಗಿದೆ. ಮೂರನೆಯ ವಾರ ಬೇರೆ ಊರಿನ ಕಾರ್ಖಾನೆಗಳಿಗೆ ಅರ್ಜಿ ಕಳಿಸತೊಡಗಿದೆ. ಐವತ್ತರ ಹೊಸ್ತಿಲಲ್ಲಿ ಮತ್ತೊಂದು ಊರು, ಮತ್ತೊಬ್ಬ ಮನೆಯೊಡತಿ, ಮತ್ತೆ ‘ಮನಿಯವರು ಎಲ್ಲಿ’ ಅನ್ನುವ ಪ್ರಶ್ನೆ. ಓಡುವುದೊಂದೇ ನನಗೆ ಗೊತ್ತಿದ್ದ ವಿದ್ಯೆ.

ಒಂದು ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಬಸವ್ವ. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ಬನ್ನಿ, ಕೂತ್ಕೊಳ್ಳಿ ಅಂದೆ. ಕೂರಲಿಲ್ಲ. ಕೋಣೆಯನ್ನು ಒಂದು ಸುತ್ತು ಹಾಕಿದಳು. ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು, ಸಾರನ್ನು ಮೂಸಿದಳು, ಮಂಚದ ಕೆಳಗೆ ಬಗ್ಗಿದಳು. ನನ್ನ ಇಪ್ಪತ್ತು ವರ್ಷದ ಸೇವೆಯಲ್ಲಿ ಅಂಥ ತಪಾಸಣೆ ನಾನು ನೋಡಿರಲಿಲ್ಲ. ಹಗ್ಗದ ಮೇಲಿನ ಟವೆಲ್ಲುಗಳ ಹತ್ತಿರ ನಿಂತಳು.

“ಒಬ್ಬರ ಇರತೀರಿ. ಟಾವೆಲ್ ಎರಡು ಅದಾವಲ್ಲ?”

“ಒಂದು ಒಣಗುವ ತನಕ ಇನ್ನೊಂದು ಬೇಕಲ್ಲಮ್ಮ.”

“ಇದು ನಮ್ಮ ಮನೀದು. ಅಂಚಿಗೆ ಹೊಲಿಗಿ ಹಾಕಿದಾಕಿ ನಾನ” ಎಂದಳು. “ಹೆಂಡ್ತಿ ಅದಾಳೇನು?”

“ಇದ್ದಳು. ಬೇರೆಯಾದೆವು.”

“ಯಾಕ? ಆಕೀದ ತಪ್ಪೇನು?”

“ಇಲ್ಲ. ತಪ್ಪು ನನ್ನದು. ನಾನು ಮದುವೆ ಆಗಬಾರದಿತ್ತು.” ಈ ಊರಿನಲ್ಲಿ ಶಿವಾನಂದನನ್ನು ಬಿಟ್ಟು ಇನ್ನೊಬ್ಬರಿಗೆ ನಾನು ಆಡಿದ ಮೊದಲ ನಿಜ ಅದು.

ಬಸವ್ವ ಈಗ ಮಂಚದ ತುದಿಯಲ್ಲಿ ಕೂತಳು. “ನನ್ನ ಮಗ ಆಗಲಿಲ್ಲ. ಅಷ್ಟರ ಮಟ್ಟಿಗೆ ಶಾಣ್ಯಾ ಅದಾನ” ಎಂದಳು.

“ಹೇಗಿದ್ದಾರೆ ಅವರು?”

“ಸಿಟ್ಟು ಬಂದ್ರ ಅವಗ ಹಸಿವಿ ಭಾಳ. ಎರಡು ರೊಟ್ಟಿ ಹೆಚ್ಚಿಗಿ ತಿನ್ನಾಕತ್ತಾನ. ಮಾತು ಮಾತ್ರ ಇಲ್ಲ.”

ತಡೆಯಲಾಗಲಿಲ್ಲ, ಕೇಳಿದೆ, “ಅವತ್ತು ತಂಬಿಗೆ ನನಗೆ ಯಾಕೆ ಕೊಟ್ಟರು?”

“ಅವ ಎಲ್ಲಿ ಕೊಟ್ಟಾನು? ನಾ ಕೊಡಸಿದ್ದು. ಬ್ಯಾಡವ್ವಾ, ಅವರು ಅಂಜತಾರ ಅಂದಾ. ನಾನ ಕೇಳಲಿಲ್ಲ. ಇಪ್ಪತ್ತೈದು ವರ್ಷ ಇವ ಮಠಕ್ಕೂ ಹೋಗವಲ್ಲ, ಮದುವೀನೂ ಒಲ್ಲ ಅನ್ನೂದನ್ನ ನೋಡಕೋತ ಕುಂತಾಕಿ ನಾನು, ಕುರುಡಿ ಅಲ್ಲ. ಈಗ ಒಬ್ಬರ ಹೆಸರು ದಿನಾ ಮನ್ಯಾಗ ಕೇಳಾಕತ್ತಿತ್ತು. ಅವರು ಹಿಂದ ಬರೂ ಪೈಕಿನೋ, ನಡುವ ಬಿಟ್ಟು ಹೋಗೂ ಪೈಕಿನೋ, ನನ್ನ ಕಣ್ಣಿಲೆ ನೋಡಬೇಕಾಗಿತ್ತು.”

“ನೋ​ಡಿದಿರಲ್ಲ.”

“ನೋಡಿದೆ. ನಿಮ್ಮ ಮ್ಯಾಲೆ ನನಗ ನಂಬಿಗಿ ಇಲ್ಲ. ಅದನ್ನ ಬಾಯಿಬಿಟ್ಟು ಹೇಳಿ ಹೋಗೂಣಂತ ಬಂದೆ.” ಎದ್ದು ಸೆರಗು ಸರಿಮಾಡಿಕೊಂಡಳು.

ನಾನು ಊರವರನ್ನೆಲ್ಲ ಅಳೆಯುತ್ತ ತಿರುಗುವಾಗ ಈ ಹೆಂಗಸು ನನ್ನನ್ನು ಒಂದು ತಂಬಿಗೆ ನೀರಿನಲ್ಲಿ ಅಳೆದು ಕೆಂಪು ಚೀಟಿ ಅಂಟಿಸಿದ್ದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ತಲೆಯಲ್ಲಿ ಒಂದೇ ವಿಷಯ ತಿರುಗುತ್ತಿತ್ತು. ರಸ್ತೆ ಬದಿಯಲ್ಲಿ ನಾನು ಅಷ್ಟೆಲ್ಲ ಕೂಗಾಡಿದರೂ ಅವನು ‘ಅವ್ವ ಕೊಡಿಸಿದಳು’ ಎಂದು ಒಂದು ಮಾತು ಹೇಳಿ ತಪ್ಪಿಸಿಕೊಳ್ಳಲಿಲ್ಲ. ತಾಯಿಯ ತಪ್ಪನ್ನೂ ಹೊತ್ತ, ನನ್ನ ಬೈಗುಳವನ್ನೂ ಹೊತ್ತ. ಇಂಥವನನ್ನು ನಾನು ಅಂಗಡಿ ಅಂಗಡಿಗೆ ಹೋಗಿ ವಿಚಾರಿಸಿದ್ದೆ. ಚಪ್ಪಲಿ ಮೆಟ್ಟಿ ಅವಳ ಹಿಂದೆ ಇಳಿದೆ.

ಗೇಟಿನ ಹತ್ತಿರ ಗಂಗಕ್ಕ ರಂಗೋಲಿಯ ಡಬ್ಬಿ ಹಿಡಿದು ನಿಂತಿದ್ದರು. ಬಸವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾರ್ರಿ ಇವರು? ನಿಮ್ಮ ತಾಯಿಯಾರಾ?” ಎಂದರು.

ಬಸವ್ವ ತಿರುಗಿ ನನ್ನನ್ನೇ ನೋಡುತ್ತ ನಿಂತಳು. ದೂರದ ಸಂಬಂಧ ಎಂದು ಬಿಡಬಹುದಿತ್ತು. ನಾಲಿಗೆಯ ಮೇಲೆ ಸುಳ್ಳು ಸಿದ್ಧವಾಗಿಯೇ ಇತ್ತು, ಇಡೀ ಆಯುಷ್ಯದ ಅಭ್ಯಾಸ.

“ಭಾನುವಾರ ನನ್ನ ಹತ್ತಿರ ಬರುತ್ತಿದ್ದರಲ್ಲ ಶಿವಾನಂದ, ಅವರ ತಾಯಿ” ಎಂದೆ. “ಅಕ್ಕಾ, ನನಗೆ ಹೆಣ್ಣು ನೋಡುವುದು ಬೇಡ. ನಾನು ಇರುವುದಾದರೆ ಅವರ ಜೊತೆ ಇರುತ್ತೇನೆ. ಸಂಸಾರ ಅಂದರೆ ನನಗೆ ಅದೇ.”

ಗಂಗಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. ಕೂಗಲಿಲ್ಲ, ಬೈಯಲಿಲ್ಲ. “ನಮ್ಮದು ಮರ್ಯಾದಸ್ಥರ ಮನಿ ಐತ್ರಿ. ಈ ತಿಂಗಳ ಕಡೀಕ ಬ್ಯಾರೆ ಕಡೆ ನೋಡಕೋರಿ” ಎಂದು ಒಳಗೆ ಹೋದರು. ಇಷ್ಟು ದಿನ ನಾನು ಹೆದರಿದ್ದು ಇದಕ್ಕೇ. ಹೆದರಿದ್ದು ಸುಳ್ಳಾಗಿರಲಿಲ್ಲ, ಆದರೆ ಆಗಿಹೋದ ಮೇಲೆ ನಾನಿನ್ನೂ ಗೇಟಿನ ಹತ್ತಿರ ನಿಂತೇ ಇದ್ದೆ.

ಬಸವ್ವ ನನ್ನನ್ನು ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಾ ಎಂದೂ ಕರೆಯಲಿಲ್ಲ. ಬಸ್ಸಿನ ಹೊತ್ತಾಯಿತೆಂದು ನಡೆದಳು, ನಾನೂ ನಡೆದೆ. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ ಕಂಬಿ ಹಿಡಿದು ನಿಂತೆ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಉಪ್ಪಿನಬೆಟಗೇರಿಯಲ್ಲಿ ಇಳಿದು ಓಣಿ ಓಣಿ ದಾಟುವಾಗಲೂ ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಕಟ್ಟೆಯ ಮೇಲೆ ಕೂತವರು, ಬಾಗಿಲಲ್ಲಿ ನಿಂತವರು, ಎಲ್ಲರೂ ನೋಡಿದರು. ನೋಡಲಿ ಅನ್ನುವ ಧೈರ್ಯ ನನಗೆ ಬಂದಿರಲಿಲ್ಲ. ತಲೆ ತಗ್ಗಿಸಿ ಅವಳ ಹಿಮ್ಮಡಿಯನ್ನೇ ನೋಡುತ್ತ ನಡೆದೆ.

ಶಿವಾನಂದ ಪಡಸಾಲೆಯಲ್ಲಿ ಕೂತು ಮೊರದ ತುಂಬ ಕಡಲೆ ಹಸನು ಮಾಡುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮುಖ ಬಿಗಿಯಿತು, ಕಿವಿ ಮಾತ್ರ ಕೆಂಪಾಯಿತು. ನನ್ನನ್ನು ಮಾತಾಡಿಸದೆ ತಾಯಿಯನ್ನು ಕೇಳಿದ.

“ಇವರನ್ನ ಯಾಕ ಕರಕೊಂಡು ಬಂದಿಯವ್ವಾ?”

ಬಸವ್ವ ಬಗ್ಗಿ ಚಪ್ಪಲಿ ಬಿಡುತ್ತಿದ್ದಳು. ತಲೆ ಎತ್ತಲಿಲ್ಲ.

“ನಾ ಎಲ್ಲಿ ಕರಕೊಂಡು ಬಂದೇನಿ? ತಾವ ನನ್ನ ಹಿಂದ ಬಂದಾರ. ಕಾಲಿಗೆ ನೀರು ಕೊಡು.”